ಹಡಗಿನಲ್ಲಿ ಖುಷಿ ಕೊಡಲು ಹೋಗಿ

ಬನಹಟ್ಟಿ

ಸಮುದ್ರವನ್ನೇ ನೋಡದವರು ಹಡಗು ಹತ್ತಬಾರದು ಎಂದು ಎಲ್ಲಿಯೂ ಕಾನೂನಿಲ್ಲ. ಇದ್ದಿದ್ದರೆ ನಮ್ಮ ತಂಡದ ಅರ್ಧ ಜನರನ್ನು ಸಿಂಗಾಪುರದ ಬಂದರಿನಿಂದಲೇ ವಾಪಸ್ ಕಳಿಸುತ್ತಿದ್ದರು, ಹಡಗಿನ ಮೇಲೆ ಒಬ್ಬ ಮನುಷ್ಯನಿಗೆ ನಮ್ಮಿಂದ ಆದ ತೊಂದರೆಯೂ ತಪ್ಪುತ್ತಿತ್ತು.

ನಾನು ಬನಹಟ್ಟಿಯವನು, ಹೆಸರು ಶಿವು. ಹಗಲು ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳು ಬಿಚ್ಚಿಸಿ ಬೇಡವೆಂದ ಸೀರೆಗಳನ್ನು ಮಡಿಸುತ್ತೇನೆ. ಮದುವೆ, ಗಣಪತಿ ಪೆಂಡಾಲು, ಕಾಲೇಜಿನ ಗ್ಯಾದರಿಂಗ್ ಇದ್ದರೆ ಮಿಮಿಕ್ರಿ ಮಾಡುತ್ತೇನೆ. ಜಮಖಂಡಿ ಬಸ್ ಸ್ಟ್ಯಾಂಡಿನ ಅನೌನ್ಸರು, ನಮ್ಮ ಓಣಿಯ ಪವರ್‌ಲೂಮು, ಮಾತಿನ ನಡುವೆ ಹತ್ತು ಸಲ ಗಂಟಲು ಸರಿ ಮಾಡಿಕೊಳ್ಳುವ ಪುಢಾರಿ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ಧ್ವನಿ ಮಾತ್ರ ಯಾರಿಗೂ ಬೇಕಾಗಿಲ್ಲ. ನೆಗಡಿಯಾದ ಪೀಪಿಯ ಹಾಗಿದೆ ಅದು.

ನನ್ನಂಥವನು ವಿಲಾಸಿ ಹಡಗು ಹತ್ತಿದ್ದು ದೊಡ್ಡವ್ವನ ಕೃಪೆಯಿಂದ. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಗಂಗವ್ವ. ಮುಧೋಳದಲ್ಲಿ ಅವರದು ಹನಿ ನೀರಾವರಿ ಪೈಪಿನ ಅಂಗಡಿ. ಬೋರ್ಡಿನ ಮೇಲೆ ದೊಡ್ಡಪ್ಪನ ಹೆಸರಿದೆ, ಗಲ್ಲೆಯ ಮೇಲೆ ದೊಡ್ಡವ್ವ ಇದ್ದಾಳೆ. ಆ ವರ್ಷ ಹೆಚ್ಚು ಪೈಪು ಮಾರಿದ ಡೀಲರುಗಳಿಗೆಲ್ಲ ಕಂಪನಿ ಎರಡೆರಡು ಟಿಕೆಟು ಕೊಟ್ಟಿತ್ತು. ಹೊರಡುವ ವಾರಕ್ಕೇ ಸರಿಯಾಗಿ ದೊಡ್ಡಪ್ಪನ ಹೊಲಕ್ಕೆ ಕಬ್ಬು ಕಡಿಯುವ ಪಾಳಿ ಬಂತು.

"ನೀವ್ ಹೊಲಕ್ಕ ಹೋಗ್ರಿ, ನಾ ಸಮುದ್ರಕ್ಕ ಹೋಗ್ತೇನಿ" ಅಂದಳು ದೊಡ್ಡವ್ವ.

"ಒಬ್ಬಾಕಿನ?"

"ಶಿವ್ಯಾನ್ನ ಕರಕೊಂಡ ಹೋಗ್ತೇನಿ. ಇಂಗ್ಲಿಷ್ ಬರತೈತಿ ಅವಂಗ."

"ಅವಂದು ಇಂಗ್ಲಿಷ್ ಅಲ್ಲ, ಇಂಗ್ಲಿಷಿನ ಮಿಮಿಕ್ರಿ" ಅಂದರು ದೊಡ್ಡಪ್ಪ.

ಖರೆ ಮಾತು. ಆದರೆ ಪಾಸ್‌ಪೋರ್ಟ್ ಇದ್ದ ಖಾಲಿ ಮನುಷ್ಯ ಇಡೀ ಬಳಗದಲ್ಲಿ ನಾನೊಬ್ಬನೇ ಇದ್ದೆ.

ಸಿಂಗಾಪುರ, ಹತ್ತಿದ ದಿನ

"ಅಗೋ ಹಡಗು" ಎಂದು ಯಾರೋ ತೋರಿಸಿದರು. ಎದುರಿಗಿದ್ದದ್ದು ಯಾವುದೋ ಅಪಾರ್ಟ್‌ಮೆಂಟ್ ಎಂದುಕೊಂಡು ನಾನು ಅದರ ಹಿಂದೆ ಇಣುಕಿ ಹಡಗು ಹುಡುಕುತ್ತಿದ್ದೆ. ನಮ್ಮ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ಅದರ ಪಕ್ಕ ನಿಲ್ಲಿಸಿದರೆ ಚಿಮಣಿಗೇ ನಾಚಿಕೆಯಾಗಬೇಕು, ಅಷ್ಟು ಎತ್ತರ.

ಒಳಗೆ ರೊಕ್ಕ ನಡೆಯುವುದಿಲ್ಲ. ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಕಾರ್ಡು ಕೊಟ್ಟರು. ಬಾಗಿಲಿಗೂ ಅದೇ, ಚಹಾಕ್ಕೂ ಅದೇ. ದೊಡ್ಡವ್ವ ಅದನ್ನು ತಾಳಿಯ ಪಕ್ಕದಲ್ಲಿ ತೂಗುಹಾಕಿಕೊಂಡಳು.

ಜಮಖಂಡಿ, ಬೀಳಗಿ, ಮುಧೋಳ ಸೇರಿ ನಾವು ಇಪ್ಪತ್ತು ಜನ. ಹತ್ತು ಕೋಣೆಗಳು ಒಂದೇ ಸಾಲಿನಲ್ಲಿ. ತಂಡಕ್ಕೆ ತಾನಾಗಿಯೇ ಮುಖಂಡನಾದವನು ಬೀಳಗಿಯ ಡೀಲರ್ ಈರಪ್ಪಣ್ಣ. ಒಮ್ಮೆ ನಾಲ್ಕು ದಿನ ದುಬೈಗೆ ಹೋಗಿ ಬಂದಿದ್ದಾನೆ. ಆಮೇಲೆ ಅವನ ಯಾವ ಮಾತೂ "ದುಬೈದಾಗ ಹೆಂಗಂದ್ರ" ಎನ್ನದೆ ಶುರುವಾಗಿಲ್ಲ.

ಆ ಹತ್ತೂ ಕೋಣೆಗಳನ್ನು ನೋಡಿಕೊಳ್ಳುವವನು ಒಬ್ಬನೇ, ವಾಯಾನ್. ಬಾಲಿ ದ್ವೀಪದವನು, ನನಗಿಂತ ಎಂಟು ಹತ್ತು ವರ್ಷ ದೊಡ್ಡವನಿರಬೇಕು. ಬಾಗಿಲು ಬಡಿಯುವುದರಲ್ಲಿ ಅವನಿಗೊಂದು ಲಯವಿತ್ತು. ಬೇಗ ಎರಡು ಟಕ್, ಸ್ವಲ್ಪ ತಡೆದು ಇನ್ನೊಂದು ಟಕ್, ಆಮೇಲೆ ಜೇನಿನಲ್ಲಿ ಅದ್ದಿ ತೆಗೆದಂತೆ "ಹೌಸ್ ಕೀಪಿಂಗ್". ಒಂದು ತಾಸಿನಲ್ಲಿ ನಾನದನ್ನು ಕಲಿತುಬಿಟ್ಟೆ. ಕಲಿತದ್ದನ್ನು ಒಳಗಿಟ್ಟುಕೊಳ್ಳುವ ಸಂಸ್ಕಾರ ನನಗಿಲ್ಲ. ನಮ್ಮದೊಂದು ಬಿಟ್ಟು ಸಾಲಾಗಿ ಒಂಬತ್ತು ಬಾಗಿಲು ಬಡಿದೆ. ಒಂಬತ್ತು ಡೀಲರುಗಳು ಟವೆಲ್ಲಿನಲ್ಲಿ ಬಾಗಿಲು ತೆರೆದರು. ಹತ್ತನೆಯವನಾಗಿ ವಾಯಾನ್ ಓಡಿಬಂದ, ತನ್ನ ಸಾಲಿನಲ್ಲಿ ಇನ್ನೊಬ್ಬನನ್ನು ಹಾಕಿದರೇನೋ ಎಂದು ಗಾಬರಿಯಾಗಿ. ನನ್ನನ್ನು ಕಂಡು ನಕ್ಕ.

ಅವನು ದೊಡ್ಡವ್ವನನ್ನು 'ಮಾಮಾ' ಎಂದು ಕರೆಯುತ್ತಿದ್ದ, ತಾಯಿ ಎಂಬ ಅರ್ಥದಲ್ಲಿ.

"ಏ ಶಿವ್ಯಾ, ನನಗ ಮಾಮಾ ಅಂತಾನಲ್ಲೋ. ಮೀಸಿ ಗೀಸಿ ಬಂದಾವೇನು?"

ವಿವರಿಸಿದ ಮೇಲೆ ಸಮಾಧಾನವಾಗಿ ಅವನ ಮನೆಮಾರು ವಿಚಾರಿಸಿದಳು. ನಾನು ನಡುವೆ ದುಭಾಷಿ. ಊರಲ್ಲಿ ತಾಯಿ, ಹೆಂಡತಿ. ಎಂಟು ತಿಂಗಳಿಂದ ಅವನು ನೀರಿನ ಮೇಲಿದ್ದಾನೆ. ನಾವಿರುವುದೇ ಅವನ ಈ ಸಲದ ಕೊನೆಯ ಪ್ರಯಾಣ, ಮುಗಿದೊಡನೆ ರಜೆಯ ಮೇಲೆ ಮನೆಗೆ. ಮತ್ತೆ ಕರೆಯುತ್ತಾರೋ ಇಲ್ಲವೋ ಎನ್ನುವುದು ಅತಿಥಿಗಳು ಅವನ ಬಗ್ಗೆ ಏನು ಬರೆಯುತ್ತಾರೆ ಎಂಬುದರ ಮೇಲೆ. ಕರೆಯದಿದ್ದರೆ? ಅವನು ದಿಂಬಿನ ಮೂಲೆ ಸರಿ ಮಾಡಿದ.

ಪೆನಾಂಗ್

ದೊಡ್ಡವ್ವ ಹಡಗಿನಲ್ಲಿಯೂ ಐದಕ್ಕೇ ಎದ್ದಳು. ನಾನು ಏಳುವಷ್ಟರಲ್ಲಿ ಅವಳ ಹಾಸಿಗೆ ಮಡಿಸಿಯಾಗಿತ್ತು, ಬಚ್ಚಲು ಒರೆಸಿಯಾಗಿತ್ತು. ಪೊರಕೆ ಸಿಗದ ಸಿಟ್ಟಿಗೆ ಒದ್ದೆ ಟವೆಲ್ಲಿನಿಂದ ನೆಲವನ್ನೂ ಒರೆಸಿದ್ದಳು. ಒಂಬತ್ತಕ್ಕೆ ವಾಯಾನ್ ಬಂದು ಬಾಗಿಲಲ್ಲೇ ನಿಂತ. ಹಾಸಿಗೆ ನೋಡಿದ, ಬಚ್ಚಲು ನೋಡಿದ, ನನ್ನನ್ನು ನೋಡಿದ.

"ನಿನ್ನೆ ನಾನು ಮಾಡಿದ್ದು ಸರಿಯಾಗಿರಲಿಲ್ಲವೇ ಸರ್?"

"ಅಲ್ಲಪಾ" ಅಂದಳು ದೊಡ್ಡವ್ವ, ನಾನು ಅನುವಾದಿಸುವ ಮೊದಲೇ ಅವನ ಮುಖ ಓದಿ. "ನಾವ್ ಮಲಗಿದ್ದ ಹಾಸಿಗಿ ಇನ್ನೊಬ್ಬರ ಕೈಲೆ ಎತ್ತಸೂದು ಅಂದ್ರೇನು? ಚಂದ ಕಾಣತೈತೇನು?"

ವಾಯಾನ್ ಚಾದರವನ್ನೆಲ್ಲ ಕಿತ್ತು ಹೊಸದಾಗಿ ಹಾಸಿದ. ದೊಡ್ಡವ್ವ ಒಂದು ಮೂಲೆ ಎಳೆದು ಸರಿ ಮಾಡಿದಳು. ಅವನು ಮತ್ತೆ ಅದನ್ನು ತನ್ನ ರೀತಿಗೆ ತಂದ. ಇಬ್ಬರ ನಡುವೆ ಒಂದು ದಿಂಬು ನಾಲ್ಕು ಸಲ ಆಚೆ ಈಚೆ ಹೋಯಿತು. ಕೊನೆಗೆ ಅವನು ಕುರ್ಚಿಯೊಂದನ್ನು ಬಾಲ್ಕನಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ಇಟ್ಟ. ಅವಳ ಕೈಯಲ್ಲಿದ್ದ ಟವೆಲ್ಲನ್ನು ಮೆಲ್ಲಗೆ ಕಸಿದುಕೊಂಡ. ಎರಡೂ ಕೈಯಿಂದ ಕುರ್ಚಿ ತೋರಿಸಿದ. "ಮಾಮಾ, ಸಿಟ್."

ದೊಡ್ಡವ್ವ ಕುಳಿತಳು. ಅವನು ಕೋಣೆ ಮುಗಿಸುವವರೆಗೂ ಕೈ ಮಡಿಲಲ್ಲಿಟ್ಟುಕೊಂಡು ನೀರು ನೋಡುತ್ತಿದ್ದಳು. ಗಲ್ಲೆಯ ಮೇಲೆ ಕುಳಿತಾಗಲೂ ಒಂದು ಕೈಯಲ್ಲಿ ಪೈಪಿನ ವಾಶರುಗಳನ್ನು ಎಣಿಸುತ್ತಿರುವ ಹೆಂಗಸು ಅದು. ಫೋಟೋ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ. "ಆರಾಮ ಇಲ್ಲೇನು ಆಕಿಗೆ?" ಎಂದು ಉತ್ತರ ಬಂತು.

ಮಧ್ಯಾಹ್ನ ಪೆನಾಂಗಿನಲ್ಲಿ ಇಳಿದೆವು. ಬೀದಿ ಬದಿಯ ಅಂಗಡಿಯೊಂದರಲ್ಲಿ ಚಹಾ ಕುಡಿದು, ಉಳಿದ ಚಿಲ್ಲರೆ ಅಲ್ಲೇ ಬಿಟ್ಟು ಬಂದೆವು. ಅಂಗಡಿಯ ಮುದುಕ ಒಂದು ಬೀದಿ ದೂರ ಓಡಿಬಂದು ಏದುಸಿರು ಬಿಡುತ್ತ ನಾಣ್ಯಗಳನ್ನು ಈರಪ್ಪಣ್ಣನ ಅಂಗೈಯಲ್ಲಿಟ್ಟು, ಏನೋ ಬೈದ ಹಾಗೆ ಹೇಳಿ ಹೋದ. ಈರಪ್ಪಣ್ಣ ಅಂಗೈ ನೋಡಿಕೊಳ್ಳುತ್ತ ನಿಂತ. "ದುಬೈದಾಗ ಹಿಂಗಿಲ್ಲಪಾ. ಖುಷೀಲೆ ಕೊಟ್ಟದ್ದನ್ನ ತಿರುಗಿ ಒಯ್ಯಂತ ಬೆನ್ನ ಹತ್ತೂದಾ?"

ಹಡಗಿಗೆ ಮರಳಿದರೆ ಬಾಗಿಲ ಸಂದಿಯಲ್ಲಿ ಚೀಟಿ. ತಲೆಗಿಷ್ಟು, ದಿನಕ್ಕಿಷ್ಟು, ಸೇವಾ ಶುಲ್ಕ. ಕೆಳಗೆ ಸಣ್ಣ ಅಕ್ಷರದಲ್ಲಿ, ಸಿಬ್ಬಂದಿಗೆ ತಮ್ಮ ಸಂತೋಷದ ಕುರುಹಾಗಿ ಎಂದಿತ್ತು. ಹತ್ತು ಬಾಗಿಲು ಒಮ್ಮೆಲೇ ತೆರೆದವು, ಈ ಸಲ ನಾನು ಬಡಿಯದೆಯೇ.

"ಕಂಪನಿ ಫ್ರೀ ಅಂದಿತ್ತಲ್ಲೋ? ಇದೇನಿದು?"

"ಎಂಟ್ರಿ!" ಎಂದು ಈರಪ್ಪಣ್ಣ ಗುಡುಗಿದ. "ಇಲ್ಲಿಗೂ ಬಂತ ನೋಡ್ರಿ ಎಂಟ್ರಿ!"

ಕಬ್ಬು ಬೆಳೆಯದವರಿಗಾಗಿ ಒಂದು ಮಾತು. ನಮ್ಮಲ್ಲಿ ಕಬ್ಬು ಸಾಗಿಸುವ ಖರ್ಚನ್ನು ಕಾರ್ಖಾನೆಯವರೇ ನಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಆದರೂ ಟ್ರ್ಯಾಕ್ಟರಿನವನು ಹೊಲದ ಬದುವಿಗೆ ಬಂದು ಇಂಜಿನ್ ಬಂದ್ ಮಾಡಿ ಆಕಾಶ ನೋಡುತ್ತ ಕೂರುತ್ತಾನೆ. ಅವನ ಕೈಗೆ ಏನಾದರೂ ಬೀಳುವವರೆಗೂ ಇಂಜಿನ್ನಿಗೆ ಜೀವ ಬರುವುದಿಲ್ಲ. ಅದು ಎಂಟ್ರಿ. ಕೊನೆಯ ಲೋಡು ಹೊರಟಾಗ ಕಡಿದವರಿಗೆ ನಾವಾಗಿಯೇ ಕೊಡುವುದು ಖುಷಿ. ಎಂಟ್ರಿ ಕೊಡುವಾಗ ಬೈಯುತ್ತೇವೆ, ಖುಷಿ ಕೊಡುವಾಗ ನಗುತ್ತೇವೆ. ಎರಡಕ್ಕೂ ಹೋಗುವುದು ಒಂದೇ ಕಿಸೆಯ ರೊಕ್ಕ. ಈ ಚೀಟಿಯಲ್ಲಿ ಎಂಟ್ರಿಗೆ ಖುಷಿಯ ಅಂಗಿ ತೊಡಿಸಿದ ಹಾಗಿತ್ತು. ಬೈಯಬೇಕೋ ನಗಬೇಕೋ ನಮಗೆ ತಿಳಿಯಲಿಲ್ಲ.

ಪುಕೆಟ್

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಈರಪ್ಪಣ್ಣ ಸುದ್ದಿ ತಂದ. ಕೌಂಟರಿನಲ್ಲಿ ಹೇಳಿದರೆ ಆ ಶುಲ್ಕ ತೆಗೆಯುತ್ತಾರಂತೆ.

"ತಗಸೂಣು. ತಗಸಿ, ಅಷ್ಟ ರೊಕ್ಕ ಆ ವಾಯಾನ್ನ ಕೈಯಾಗ ಇಡೂಣು. ಮ್ಯಾಲಿನವರು ನುಂಗೂದು ತಪ್ಪತೈತಿ. ಅವಂಗೂ ಮುಟ್ಟತೈತಿ, ನಮಗೂ ಕೊಟ್ಟಂಗ ಅನಸತೈತಿ."

ನಮ್ಮವರ ಪರವಾಗಿ ಒಂದು ಮಾತು ಹೇಳಲೇಬೇಕು. ಅಲ್ಲಿ ರೊಕ್ಕ ಉಳಿಸುವ ಆಸೆ ಯಾರಿಗೂ ಇರಲಿಲ್ಲ. ಜಮಖಂಡಿಯ ಡೀಲರೊಬ್ಬರು ಇನ್ನಷ್ಟು ಸೇರಿಸಿಯೇ ಕೊಡೋಣ ಎಂದರು. ಕೊಡುವ ಕೈ, ತೆಗೆದುಕೊಳ್ಳುವ ಕೈ ಎದುರಾಬದುರಾ ಇರಬೇಕು, ಅಷ್ಟೇ. ನಮ್ಮ ಮದುವೆಗಳಲ್ಲಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ, ಎಷ್ಟೋ ಸಲ ಕೂಗುವವನು ನಾನೇ. ಯಂತ್ರವೊಂದು ತಾನೇ ಕತ್ತರಿಸಿಕೊಂಡು ತಾನೇ ಹಂಚುವುದನ್ನು ಕೊಡುವುದು ಎನ್ನಲು ನಮಗೆ ನಾಲಿಗೆ ಬರಲಿಲ್ಲ.

ಮಾತಾಡುವ ಕೆಲಸ ನನ್ನದು. ಸ್ವಂತ ಧ್ವನಿ ಸಾಲದು ಎನಿಸಿ ಬೆಂಗಳೂರಿನ ಒಬ್ಬ ಸಾಹೇಬನನ್ನು ಗಂಟಲಿಗೆ ಕರೆಸಿಕೊಂಡೆ. ಮೂಗಿನಿಂದ ಬರುವ ಇಂಗ್ಲಿಷು, ವಾಕ್ಯದ ಕೊನೆಗೊಂದು ನಿಟ್ಟುಸಿರು. ಕೌಂಟರಿನ ಹುಡುಗಿ ನೆಟ್ಟಗಾದಳು. ಹತ್ತು ಕೋಣೆಗೆ ಹತ್ತು ಫಾರಂ ಕೊಟ್ಟಳು. ಕಾರಣ ಬರೆಯಬೇಕು, ಕೆಲವು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. 'ನಾವೇ ಕೈಯಾರೆ ಕೊಡುತ್ತೇವೆ' ಎಂಬ ಚೌಕ ಇರಲಿಲ್ಲ.

"ಲಗೂ ಮಾಡೋ, ಪುಕೆಟ್ ಮುಳಗಾಕತ್ತೈತಿ" ಎಂದ ಹಿಂದಿನಿಂದ ಈರಪ್ಪಣ್ಣ.

ಮೊದಲನೆಯ ಚೌಕಕ್ಕೇ ಗುರುತು ಹಾಕಿದೆ. ಅಲ್ಲಿದ್ದದ್ದು 'ಸೇವೆ ತೃಪ್ತಿಕರವಾಗಿಲ್ಲ'. ಹತ್ತೂ ಫಾರಮ್ಮಿಗೆ ಅದೇ, ತಹಶೀಲ್ದಾರರು ಸಹಿ ಮಾಡುವ ಠೀವಿಯಲ್ಲಿ. ನಮ್ಮವರು ಓದದೆಯೇ ಕೆಳಗೆ ಹೆಸರು ಬರೆದುಕೊಟ್ಟರು.

"ಹತ್ತೂ ಕೋಣೆಗಳೇ ಸರ್?" ಎಂದಳು ಹುಡುಗಿ.

"ಹತ್ತೂ" ಎಂದು ಸಾಹೇಬ ನಿಟ್ಟುಸಿರುಬಿಟ್ಟ.

ನಮ್ಮವರು ಚಪ್ಪಾಳೆ ತಟ್ಟಿದರು. ನಾನು ಬಾಗಿ ನಮಸ್ಕರಿಸಿದೆ. ಈಗ ನೆನೆದರೆ ಆ ಸಾಹೇಬನನ್ನು ಗಂಟಲಿನಿಂದ ಎಳೆದು ಸಮುದ್ರಕ್ಕೆ ಎಸೆಯಬೇಕು ಅನಿಸುತ್ತದೆ.

ಆಮೇಲೆ ಪುಕೆಟ್ಟಿನ ದಂಡೆ. ದೊಡ್ಡವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಳು, ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಹಚ್ಚಿಕೊಂಡಳು. "ಯಪ್ಪಾ! ಇಷ್ಟ ಉಪ್ಪ ಹಾಕಿ ಯಾರಿಗೆ ಉಣಸಾಕೋ ಇದನ್ನ?" ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಹುಟ್ಟಿದವಳು. ಕುಡಿಯಲಾಗದ ನೀರು ಇಷ್ಟೊಂದು ಇರುವುದು ಅವಳಿಗೆ ದೊಡ್ಡ ದಂಡದ ಕೆಲಸವಾಗಿ ಕಂಡಿತು.

ಸಮುದ್ರದ ದಿನ

ಆ ದಿನ ಎಲ್ಲಿಯೂ ಇಳಿಯುವುದಿಲ್ಲ, ದಿನವಿಡೀ ನೀರು. ಬೆಳಿಗ್ಗೆ ದೊಡ್ಡವ್ವ ನೋಟುಗಳನ್ನು ಸುರುಳಿ ಮಾಡಿ, ವಾಯಾನನ ಹೆಂಡತಿಗೆಂದು ಒಂದು ಖಣ ತೆಗೆದಿಟ್ಟುಕೊಂಡು ಬಾಗಿಲಲ್ಲಿ ಕಾದಳು. ಅವನು ತಳ್ಳುಗಾಡಿಯೊಂದಿಗೆ ಬಂದ. ಮುಖದಲ್ಲಿ ಎಂದಿನ ಜೇನಿರಲಿಲ್ಲ. ಖಣವನ್ನು ಎರಡೂ ಕೈಯಿಂದ ತೆಗೆದುಕೊಂಡ. ನೋಟನ್ನು ಹಿಂದಕ್ಕೆ ಸರಿಸಿದ.

"ನೋ, ಮಾಮಾ."

ನಮ್ಮ ಕಡೆ ಮೊದಲ ಸಲಕ್ಕೇ ಕೈ ಚಾಚುವುದು ಮರ್ಯಾದೆಯಲ್ಲ. ಬ್ಯಾಡ ಎನ್ನಬೇಕು. ಕೊಡುವವರು ಅದನ್ನು ನಂಬಬಾರದು. ನಂಬಿದರೆ ಅವರಿಗೆ ಕೊಡುವ ಮನಸ್ಸೇ ಇರಲಿಲ್ಲ ಎಂದು ಬೀಗರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಕನಿಷ್ಠ ಮೂರು ಸುತ್ತು ಆಗಲೇಬೇಕು.

"ಮನಷ್ಯಾ ಛಲೋ ಅದಾನ, ಬ್ಯಾಡ ಅಂತಾನ" ಎಂದು ಮೆಚ್ಚಿ ದೊಡ್ಡವ್ವ ಸುರುಳಿಯನ್ನು ಅವನ ಅಂಗಿಯ ಕಿಸೆಗೆ ತುರುಕಿದಳು. ಅವನು ತೆಗೆದು ಅವಳ ಕೈಗಿಟ್ಟ. ಅವಳು ಮತ್ತೆ ತುರುಕಿದಳು. ಅವನು ತಳ್ಳುಗಾಡಿಯ ಹಿಂದೆ ಹೋದ. ಇವಳೂ ಹೋದಳು. ನಾನು ಬಾಗಿಲಿಗೊರಗಿ ಕಬಡ್ಡಿ ಕಾಮೆಂಟರಿ ಶುರು ಮಾಡಿದೆ, "ಮುಧೋಳದ ರೇಡರ್ ಒಳಗ ನುಗ್ಗ್ಯಾಳ, ಬಾಲಿ ತಂಡದಾಗ ಉಳದಾವ ಒಬ್ಬನ..."

ಮೂರನೆಯ ಸುತ್ತಿಗೆ ವಾಯಾನ್ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ. ಆ ಮುಖ ನೋಡಿ ನನ್ನ ಕಾಮೆಂಟರಿ ನಿಂತಿತು. ಎಷ್ಟೋ ಜನರ ಬ್ಯಾಡ ಎನ್ನುವ ಮುಖವನ್ನು ನಕಲು ಮಾಡಿದವನು ನಾನು. ಇದು ಆ ಮುಖವಾಗಿರಲಿಲ್ಲ.

"ಸರ್" ಎಂದ ನನಗೆ, "ಕೋಣೆಯವರು ಶುಲ್ಕ ತೆಗೆಸಿದರೆ, ಕೈಗೆ ಬಂದದ್ದನ್ನು ನಾನು ನಮ್ಮ ಮೇಲಧಿಕಾರಿ ಚೀಫ್ ಹತ್ತಿರ ಒಪ್ಪಿಸಬೇಕು, ಎಲ್ಲರ ಪಾಲಿಗೆ ಸೇರುತ್ತದೆ. ಅದಿರಲಿ. ನನ್ನಿಂದ ಏನು ತಪ್ಪಾಯಿತು ಹೇಳಿ. ಹತ್ತು ಕೋಣೆಯವರೂ ಬರೆದಿದ್ದೀರಿ. ಬೆಳಿಗ್ಗೆ ಚೀಫ್ ಕರೆದು ಕೇಳಿದರು, ನನಗೆ ಉತ್ತರ ಗೊತ್ತಿರಲಿಲ್ಲ. ಮತ್ತೆ ಕರೆಯಬೇಕಾದವರ ಪಟ್ಟಿ ಇವತ್ತು ಸಂಜೆ ಐದಕ್ಕೆ ಹೋಗುತ್ತದೆ."

"ಏನಂತಾನೋ?" ಎಂದಳು ದೊಡ್ಡವ್ವ.

ದುಭಾಷಿಯ ಕೆಲಸ ಬಿಟ್ಟು ಓಡಿಹೋಗಬೇಕು ಅನಿಸಿತು. ಹಡಗಿನಲ್ಲಿ ಓಡಿ ಎಲ್ಲಿಗೆ ಹೋಗುವುದು?

"ಇವನ ಕೆಲಸ ಛಲೋ ಇಲ್ಲಂತ ಹತ್ತೂ ಖೋಲಿ ಮಂದಿ ಬರದ ಕೊಟ್ಟಾರಂತ. ಇನ್ನ ಇವನ್ನ ಕರಿಯೂದಿಲ್ಲೇನೋ."

"ಯಾವ ಹುಚ್ಚಪ್ಯಾಲಿ ಬರದಾನ ಹಂಗ?"

"ನಾನ, ದೊಡ್ಡವ್ವಾ."

ಕೈಯಲ್ಲಿದ್ದ ನೋಟಿನ ಸುರುಳಿಯಿಂದಲೇ ತಲೆಗೆ ಒಂದು ಬಾರಿಸಿದಳು. ರೊಕ್ಕ ಇಲ್ಲದ್ದಕ್ಕೆ ಎಷ್ಟೋ ಸಲ ಪೆಟ್ಟು ತಿಂದಿದ್ದೇನೆ, ರೊಕ್ಕದಿಂದಲೇ ತಿಂದದ್ದು ಅದೇ ಮೊದಲು. ಆಮೇಲೆ ಅವಳು ಬೈಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಆ ಚಾರ್ಜ್ ಯಾರ್ಯಾರಿಗೆ ಹೋಗತೈತಿ, ಕೇಳವನ್ನ."

ವಾಯಾನ್ ಬೆರಳು ಮಡಿಸುತ್ತ ಹೇಳಿದ. ಚಾದರ ಒಗೆಯುವವರು. ತಟ್ಟೆ ತೊಳೆಯುವವರು. ಮೆಟ್ಟಿಲು ಒರೆಸುವವರು. ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತುಗಳಲ್ಲಿ ಇರುವವರು, ಅತಿಥಿಗಳ ಕಣ್ಣಿಗೆ ಎಂದೂ ಬೀಳದವರು. ನನ್ನ ಮುಖವಾದರೂ ನಿಮಗೆ ಗೊತ್ತು, ಅವರಿಗೆ ಕೈಯಲ್ಲಿ ಕೊಡಲು ಯಾರು ಹೋಗುತ್ತಾರೆ, ಎಂದ.

ದೊಡ್ಡವ್ವ ನೋಟಿನ ಸುರುಳಿಯನ್ನು ಚೀಲದೊಳಗೆ ಇಟ್ಟಳು.

"ಹಂಗಂದ್ರ ಇದು ಎಂಟ್ರಿ ಅಲ್ಲೋ ಶಿವ್ಯಾ. ಖುಷೀನೂ ಅಲ್ಲ. ಇದು ಆಯ. ಗಲಗಲಿಯಾಗ ಬ್ರಿಜ್ ಆಗೂಕಿಂತ ಮೊದಲ ಅಂಬಿಗ ಹೊಳಿ ದಾಟಸ್ತಿದ್ದ. ದಾಟಿದಾಗೊಮ್ಮೆ ರೊಕ್ಕ ಅನ್ನೂದು ಇರಲಿಲ್ಲ. ರಾಶಿ ಆದಾಗ ಮನಿಗಿಷ್ಟು ಅಂತ ಜ್ವಾಳ ಅಳದ ಕೊಡತಿದ್ರು, ಅಂಬಿಗಗ, ಬಡಿಗ್ಯಾಗ, ಎಲ್ಲಾರಿಗೂ. ನಮ್ಮಪ್ಪ ವರ್ಷಪೂರ್ತಿ ದೋಣಿ ಹತ್ತತಿರಲಿಲ್ಲ. ಆದ್ರೂ ಅಳೀತಿದ್ದ. ನಾ ದಾಟಲಿ ಬಿಡಲಿ, ದೋಣಿ ದಂಡಿಗೆ ಇರಬೇಕಲ್ಲ ಅಂತಿದ್ದ." ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡಿ ಕೌಂಟರಿಗೆ."

ಕೌಂಟರಿನಲ್ಲಿ ಅದೇ ಹುಡುಗಿ. ಈ ಸಲ ಯಾವ ಸಾಹೇಬನನ್ನೂ ಕರೆಯಲಿಲ್ಲ. ನೆಗಡಿಯ ಪೀಪಿಯಲ್ಲಿಯೇ ಹೇಳಿದೆ, ನಿನ್ನೆ ಬರೆದ ಕಾರಣ ಸುಳ್ಳು, ಗುರುತು ಹಾಕಿದವನು ನಾನು.

"ನಿನ್ನೆ ಬಂದಿದ್ದವರು 'ಬೇರೆ' ಸಾಹೇಬರಲ್ಲವೇ?" ಎಂದಳು. ಬೇರೆ ಯಾವ ದಿನವಾಗಿದ್ದರೂ ಆ ಮಾತನ್ನು ಫ್ರೇಮು ಹಾಕಿಸಿ ಇಡುತ್ತಿದ್ದೆ.

ಶುಲ್ಕ ಮತ್ತೆ ಹಾಕುವುದು ಸುಲಭ, ಎಂದಳು. ದೂರು ಹಿಂತೆಗೆಯಬೇಕಾದರೆ ಮಾತ್ರ ಆಯಾ ಕೋಣೆಯವರೇ ಸಹಿ ಮಾಡಬೇಕು, ಹತ್ತೂ ಹಾಳೆಗಳು ಐದರೊಳಗೆ ಚೀಫ್ ಕೈ ಸೇರಬೇಕು. ಗಂಟೆ ಆಗಲೇ ಹನ್ನೆರಡಾಗಿತ್ತು.

ಹಡಗಿನಲ್ಲಿ ಇಪ್ಪತ್ತು ಉತ್ತರ ಕರ್ನಾಟಕದವರನ್ನು ಹುಡುಕುವುದು ಕಷ್ಟವಲ್ಲ, ಊಟ ಇರುವ ಕಡೆ ಹೋದರಾಯಿತು. ಐದು ಜನ ಅಲ್ಲೇ ಸಿಕ್ಕರು. ದೂರಿನ ಸಂಗತಿ ಕೇಳಿ ಒಬ್ಬೊಬ್ಬರೂ ನನಗೊಂದು ಬಿರುದು ಕೊಟ್ಟು ಸಹಿ ಮಾಡಿದರು. ಬಿರುದುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಜಮಖಂಡಿಯ ಡೀಲರು ಚಪ್ಪಲಿ ಹುಡುಕಿದರು, ಪುಣ್ಯಕ್ಕೆ ಬೂಟು ಹಾಕಿಕೊಂಡಿದ್ದರು, ಬಿಚ್ಚಲು ಹೊತ್ತಾಯಿತು. ಇನ್ನು ಮೂವರನ್ನು ನಿದ್ದೆಯಿಂದ ಎಬ್ಬಿಸಿದೆವು. ನಮ್ಮದು ಸೇರಿ ಒಂಬತ್ತಾದಾಗ ನಾಲ್ಕು ಗಂಟೆ. ಉಳಿದವನು ಈರಪ್ಪಣ್ಣ. ಮೇಲಿನ ಡೆಕ್ಕಿನಲ್ಲಿ ಬಿಸಿನೀರಿನ ಹೊಂಡದಲ್ಲಿ ಕರಿ ಕನ್ನಡಕ ಹಾಕಿಕೊಂಡು ಕುತ್ತಿಗೆವರೆಗೆ ಮುಳುಗಿದ್ದ. ಸುತ್ತಲೂ ಗುಳ್ಳೆಗಳು.

"ಒಮ್ಮಿ ತಗಸಿದ್ದು ಮತ್ತ ಹಾಕಸೂದಾ? ನಗತಾರ ಗಂಗಕ್ಕಾ ಮಂದಿ. ದುಬೈದಾಗ ಹೆಂಗಂದ್ರ..."

"ದುಬೈ ಮೊನ್ನೆ ಮುಗೀತು. ಸಹಿ ಮಾಡು."

"ಅವಂಗ ಇನ್ನೊಂದಿಷ್ಟು ಹೆಚ್ಚಿಗಿ ಕೊಡೂಣು. ಕೈಯಾಗ. ಮುಗೀತಿಲ್ಲೋ?"

"ರೊಕ್ಕದ ಮಾತಲ್ಲ ಈರಪ್ಪಾ" ಎಂದು ದೊಡ್ಡವ್ವ ಹೊಂಡದ ಅಂಚಿಗೇ ಕುಳಿತಳು. "ನಿನ್ನ ಅಂಗಡಿ ಪೈಪ್ ಸೋರತಾವ ಅಂತ ಹತ್ತ ಮಂದಿ ರೈತರು ಒಂದ ದಿನ ಕಂಪನಿಗೆ ಬರದ್ರ ಏನಾಗತೈತಿ?"

"ಡೀಲರ್‌ಶಿಪ್ ಹೋಗತೈತಿ. ಇದನ್ನೇನ ಕೇಳತೀ?"

"ಸೋರದ ಪೈಪಿಗೆ ಬರದ್ರ?"

ಗುಳ್ಳೆಗಳಷ್ಟೇ ಮಾತಾಡಿದವು. ಪೈಪು ಮಾರುವವನಿಗೆ ಅದಕ್ಕಿಂತ ಕೆಟ್ಟ ಕನಸಿಲ್ಲ. ಒಮ್ಮೆ ಯಾರೋ ಹೊಲದಲ್ಲಿ ಇಲಿ ಕಡಿದ ಪೈಪನ್ನು ತಂದು ಅವನ ಅಂಗಡಿಯ ಮುಂದೆ ಎಸೆದು ಹೋಗಿದ್ದರು. ಆ ವರ್ಷವೆಲ್ಲ ಆ ಇಲಿಗೆ ಅವನು ಬೈದದ್ದನ್ನು ನಾವೆಲ್ಲ ಕೇಳಿದ್ದೇವೆ.

ಕನ್ನಡಕ ತೆಗೆದ. "ಹಂಗ ಬರದದ್ದು ಯಾರು?"

ದೊಡ್ಡವ್ವ ನನ್ನ ಕಡೆ ಬೆರಳು ಮಾಡಿದಳು. ಈರಪ್ಪಣ್ಣ ಎರಡು ಬೊಗಸೆ ಬಿಸಿನೀರು ನನ್ನ ಮೇಲೆ ಎರಚಿದ, ಆಮೇಲೆ ಎದ್ದು ಟವೆಲ್ ಸುತ್ತಿಕೊಂಡು ಸಹಿ ಮಾಡಿದ. ಮಸಿ ಹರಡಿ ಹೆಸರು ಅರ್ಧ ಕಾಣದಾಯಿತು. "ನೀರಾಗ ಇದ್ದವನ್ನ ಎಬ್ಬಿಸಿ ಮಾಡಸೀರಿ, ಹಂಗ ಹೇಳ್ರಿ ಅವರಿಗೆ" ಎಂದ.

ಚೀಫ್ ಎಂದರೆ ಯಾವುದೋ ಚಳಿ ದೇಶದ ಎತ್ತರದ ಮನುಷ್ಯ. ನಗುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹತ್ತು ಹಾಳೆಗಳನ್ನೂ, ಒದ್ದೆಯಾದ ಹತ್ತನೆಯದನ್ನು ಎರಡು ಬೆರಳಲ್ಲಿ ಹಿಡಿದು, ಓದಿದ. ದೂರು ತಪ್ಪು ಎಂದು ಇದೆ, ಸರಿ. ಕೆಲಸ ಒಳ್ಳೆಯದು ಎಂದು ಎಲ್ಲಿದೆ? ಇವನು ಮಾಡಿದ್ದರಲ್ಲಿ ಒಳ್ಳೆಯದು ಏನು, ಆ ಅಮ್ಮನನ್ನು ಕೇಳು, ಎಂದ.

ಹೊಗಳು ದೊಡ್ಡವ್ವಾ, ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಅವಳು ಯೋಚಿಸಿದಳು.

"ಹಾಸಿಗಿ ನಾನೂ ಹಾಸ್ತೇನಿ. ಅವಗಿಂತ ಛಲೋ ಹಾಸ್ತೇನಿ."

ಬದಲಿಸಿ ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ವಾರ ನಾನು ಒಮ್ಮೆ ಬದಲಿಸಿ ಬರೆದದ್ದರ ಫಲ ಮುಂದೆಯೇ ಇತ್ತು. ಅವಳು ಹೇಳಿದ್ದನ್ನೇ ಹೇಳಿದೆ. ಚೀಫನ ಹುಬ್ಬು ಮೇಲೇರಿತು.

"ಆದ್ರ ಲಗ್ನ ಆಗಿ ನಲವತ್ತ ವರ್ಷ ಆತು. ಕೈಯಾಗಿನ ಅರಿವಿ ಕಸಕೊಂಡು, ನೀ ಕುಂದರು, ನಾ ಮಾಡ್ತೇನಿ ಅಂದಾವ ಇವನ ಒಬ್ಬವ. ಗಂಡಾ ಅನಲಿಲ್ಲ, ಮಕ್ಕಳ ಅನಲಿಲ್ಲ. ಇವಂಗ ಅನ್ನಾಕ ಯಾರೂ ಹೇಳಿರಲಿಲ್ಲ, ನೋಡಿ ತಿಳಕೊಂಡ. ಇದಕ್ಕ ನಿಮ್ಮ ಕಾಗದದಾಗ ಚೌಕ ಐತೇನು, ಕೇಳು."

ಕೇಳಿದೆ. ನನ್ನ ಇಂಗ್ಲಿಷಿನಲ್ಲಿ ಅದು ಎಷ್ಟು ಉಳಿಯಿತೋ ಗೊತ್ತಿಲ್ಲ. ಚೀಫ್ ಒಂದು ಖಾಲಿ ಹಾಳೆ ಮುಂದಿಟ್ಟು, ನಿಮ್ಮ ಭಾಷೆಯಲ್ಲೇ ನಿಮ್ಮ ಕೈಯಾರೆ ಬರೆಯಿರಿ, ಎಂದ. ಅವಳು ಬರೆದಳು. ಕೆಳಗೆ ನಾನು ಇಂಗ್ಲಿಷಿನಲ್ಲಿ ಬರೆದೆ. ಆಗಲಿ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ ಆ ಮನುಷ್ಯ. ಐದಕ್ಕೆ ಹತ್ತು ನಿಮಿಷವಿತ್ತು.

ಸಿಂಗಾಪುರ, ಇಳಿದ ದಿನ

ಬೆಳಿಗ್ಗೆ ಧ್ವನಿವರ್ಧಕದಲ್ಲಿ ಬಣ್ಣದ ಹೆಸರು ಕೂಗಿ ಕೂಗಿ ಜನರನ್ನು ಇಳಿಸುತ್ತಿದ್ದರು. ನಮ್ಮದು ಹಸಿರು. ಹಸಿರು ಕೂಗಿ ಬಹಳ ಹೊತ್ತಾದರೂ ದೊಡ್ಡವ್ವ ಬಾಗಿಲು ಬಿಟ್ಟು ಕದಲಲಿಲ್ಲ. ಅವಳು ಕದಲದ್ದಕ್ಕೆ ಉಳಿದವರೂ ಚೀಲ ಹಿಡಿದು ಸಾಲಾಗಿ ನಿಂತರು. ಎಲ್ಲರೂ ಏನೋ ಮರೆತವರ ಹಾಗೆ ಕಿಸೆ ತಡವಿಕೊಳ್ಳುತ್ತಿದ್ದರು, ಯಾರೂ ಏನನ್ನೂ ಮರೆತಿರಲಿಲ್ಲ.

ವಾಯಾನ್ ಆ ತುದಿಯಿಂದ ತಳ್ಳುಗಾಡಿ ದೂಡುತ್ತ ಬಂದ. ಮಧ್ಯಾಹ್ನ ಹೊಸ ಅತಿಥಿಗಳು ಬರುವ ಮೊದಲು ಕೋಣೆಗಳನ್ನು ಸಿದ್ಧ ಮಾಡಿಕೊಟ್ಟು ಅವನೂ ಇಳಿಯಬೇಕಿತ್ತು, ಅವಸರವಿತ್ತು. ಮುಖ ನೋಡಿ ಏನೂ ತಿಳಿಯಲಿಲ್ಲ.

"ಏನಾತು ಕೇಳೋ" ಎಂದಳು ದೊಡ್ಡವ್ವ. ಅವಳ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಕೇಳಿದೆ. ಅವನು ಗಾಡಿ ನಿಲ್ಲಿಸಿದ. "ಎರಡು ತಿಂಗಳು ಮನೆಯಲ್ಲಿ" ಎಂದ. "ಫೆಬ್ರುವರಿಗೆ ಮತ್ತೆ ಇಲ್ಲೇ. ಇದೇ ಹಡಗು."

"ಕರದಾರಂತ" ಎಂದೆ ಕನ್ನಡದಲ್ಲಿ.

ಸಾಲಿನಲ್ಲಿ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟ ಸದ್ದಾಯಿತು. ಎಲ್ಲರಿಗಿಂತ ಮೊದಲು ಈರಪ್ಪಣ್ಣ ಚೀಲ ಕೆಳಗಿಟ್ಟು ಮುಂದೆ ಬಂದು ವಾಯಾನನ ಕೈ ಹಿಡಿದು ಕುಲುಕಿದ. ಎಲ್ಲರ ಕಣ್ಣೂ ಆ ಕೈಯ ಮೇಲೇ ಇತ್ತು, ಒಳಗೆ ಮಡಿಸಿದ ನೋಟು ಏನಾದರೂ ದಾಟುತ್ತದೆಯೋ ಎಂದು. ದಾಟಲಿಲ್ಲ. ಖಾಲಿ ಕೈ. ಬಿಟ್ಟ ಮೇಲೆ ಈರಪ್ಪಣ್ಣ ಏನು ಹೇಳಬೇಕೋ ತಿಳಿಯದೆ, "ಹ್ಞಾಂ, ಮತ್ತ... ಬರ್ತೇವ್ರಿ" ಎಂದ ಶುದ್ಧ ಬೀಳಗಿ ಕನ್ನಡದಲ್ಲಿ. ವಾಯಾನ್ ತಲೆಬಾಗಿದ. ಆಮೇಲೆ ಜಮಖಂಡಿಯವರು, ಆಮೇಲೆ ಉಳಿದವರು, ಒಬ್ಬೊಬ್ಬರಾಗಿ ಖಾಲಿ ಕೈ ಕೊಟ್ಟು ಖಾಲಿ ಕೈ ತೆಗೆದುಕೊಂಡು ಲಿಫ್ಟಿನ ಕಡೆ ನಡೆದರು. ದೊಡ್ಡವ್ವ ಕೈ ಕುಲುಕಲಿಲ್ಲ. ಅವನ ಕೆನ್ನೆ ಸವರಿ ಬೆರಳು ಹಣೆಗೆ ಒತ್ತಿ ನೆಟಿಗೆ ಮುರಿದಳು.

ಕೊನೆಗೆ ಉಳಿದವನು ನಾನು. ವಾಯಾನ್ ನನ್ನ ಕೈಯನ್ನೂ ಹಿಡಿದ, ಎಂದಿನ ಜೇನಿನ ನಗು ನಕ್ಕ, ಮತ್ತು ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿ ಒತ್ತಿದ. ನೋವಾಯಿತು. ಅವನು ಬಿಡುವವರೆಗೂ ನಾನು ಬಿಡಿಸಿಕೊಳ್ಳಲಿಲ್ಲ.